ಡಿಸೈನರ್ ಏನು ಕೇಳುತ್ತಾರೆ ಅನ್ನೋದೇ ನನಗೆ ಮುಖ್ಯವಾಯಿತು

ಮನೆಯ ಒಳಾಂಗಣ ಮಾಡಿಸಲು ನಾನು ಐದು ಜನ ಡಿಸೈನರ್‌ಗಳ ಜೊತೆ ಮಾತಾಡಿದೆ. ಮೊದಲ ಇಬ್ಬರ ಹತ್ತಿರ ಬರೀ ಫೋಟೋ ನೋಡಿ ಬಂದೆ. ಎಲ್ಲವೂ ಚೆಂದವಾಗಿಯೇ ಇದ್ದವು. ಆದರೆ ಅದರಲ್ಲಿ ಅರ್ಧ ಫೋಟೋಗಳೇ ಅಲ್ಲ, ಕಂಪ್ಯೂಟರಿನಲ್ಲಿ ಮಾಡಿದ ತ್ರೀಡಿ ಚಿತ್ರಗಳು. ವೈಡ್ ಆ್ಯಂಗಲ್‌ನಲ್ಲಿ ತೋರಿಸಿದರೆ ಸಣ್ಣ ಕೋಣೆಯೂ ದೊಡ್ಡ ಹಾಲ್ ಥರ ಕಾಣುತ್ತದೆ. ಅವರ ಕೆಲಸ ಹೇಗೆ ಅಂತ ನನಗೆ ಏನೂ ಗೊತ್ತಾಗಲಿಲ್ಲ.

ಆಮೇಲೆ ದಾರಿ ಬದಲಿಸಿದೆ. ಒಂದು ವಾರ ನಾವು ಮನೆಯಲ್ಲಿ ಹೇಗೆ ಓಡಾಡುತ್ತೇವೆ ಅಂತ ಬರೆದಿಟ್ಟೆ. ಚಪ್ಪಲಿ ಎಲ್ಲಿ ರಾಶಿ ಬೀಳುತ್ತದೆ, ಮಂಡಿನೋವಿರುವ ಅಮ್ಮ ಎಲ್ಲಿ ಕೂತು ಬಟ್ಟೆ ಮಡಚುತ್ತಾರೆ, ಫೋನ್ ಚಾರ್ಜ್‌ಗೆ ಎಲ್ಲಿ ಹಾಕುತ್ತೇವೆ, ಇಂಥವೇ. ಆ ಪಟ್ಟಿಯನ್ನು ಮೊದಲೇ ಕೊಡಲಿಲ್ಲ. ಅವರಾಗಿ ಕೇಳುತ್ತಾರಾ ನೋಡೋಣ ಅಂತ ಕಾದೆ.

ಮೂರನೆಯವರು ಮುಕ್ಕಾಲು ಗಂಟೆ ಬಣ್ಣ, ಫಾಲ್ಸ್ ಸೀಲಿಂಗ್, ಲೈಟು ಅಂತ ಮಾತಾಡಿದರು. ಮನೆಯಲ್ಲಿ ಯಾರ್‍ಯಾರಿದ್ದೀರಿ ಅಂತ ಕೂಡ ಕೇಳಲಿಲ್ಲ. ನಾಲ್ಕನೆಯವರು ಬಂದ ಕೂಡಲೇ ಕೇಳಿದ್ದು, "ಅಡುಗೆ ಜಾಸ್ತಿ ಮಾಡೋದು ಯಾರು?" ಅಮ್ಮನನ್ನು ನಿಲ್ಲಿಸಿ, ಮೊಣಕೈ ಮಡಚಲು ಹೇಳಿ, ನೆಲದಿಂದ ಅಲ್ಲಿಗೆ ಟೇಪ್ ಹಿಡಿದರು. ಅಡುಗೆ ಕಟ್ಟೆ ಸಾಮಾನ್ಯವಾಗಿ 85ರಿಂದ 90 ಸೆಂ.ಮೀ. ಎತ್ತರ ಇರುತ್ತದೆ. ಕಟ್ಟೆ ಮೊಣಕೈಗಿಂತ 10ರಿಂದ 15 ಸೆಂ.ಮೀ. ಕೆಳಗಿದ್ದರೆ ಹೆಗಲು ನೋಯುವುದಿಲ್ಲ, ನಿಮ್ಮ ಅಮ್ಮನಿಗೆ 80 ಸಾಕು ಅಂದರು. ಇಷ್ಟು ವರ್ಷ ಅಮ್ಮ ಹೆಗಲೆತ್ತಿಕೊಂಡೇ ತರಕಾರಿ ಹೆಚ್ಚುತ್ತಿದ್ದರು. ನಾವ್ಯಾರೂ ಗಮನಿಸಿರಲಿಲ್ಲ.

ಐದನೆಯವರೂ ಚೆನ್ನಾಗಿಯೇ ಮಾತಾಡಿದರು. ಹಾಗಾಗಿ ಇಬ್ಬರಿಗೂ ಒಂದೇ ಮಾತು ಹೇಳಿದೆ: ನೀವು ಮುಗಿಸಿ ಎರಡು ವರ್ಷವಾದರೂ ಆಗಿರುವ ಮನೆ ತೋರಿಸಿ. ಹೊಸ ಮನೆ ನೋಡಿ ಪ್ರಯೋಜನವಿಲ್ಲ, ಆಗ ಎಲ್ಲವೂ ಹೊಳೆಯುತ್ತಿರುತ್ತದೆ.

ಹೋದಲ್ಲೆಲ್ಲ ಮೊದಲು ನೋಡಿದ್ದು ಸಿಂಕ್ ಕೆಳಗಿನ ಕ್ಯಾಬಿನೆಟ್. ನೀರು ತಾಗುವ ಜಾಗ ಅದು. ಪ್ಲೈವುಡ್ ಕಳಪೆಯಾಗಿದ್ದರೆ, ಅಂಚಿನ ಪಟ್ಟಿ ಸರಿಯಾಗಿ ಅಂಟಿಸದಿದ್ದರೆ ಅಲ್ಲೇ ಮೊದಲು ಗೊತ್ತಾಗುತ್ತದೆ. ಐದನೆಯವರು ಮಾಡಿದ ಮನೆಯಲ್ಲಿ ಬಾಗಿಲಿನ ಕೆಳಗಿನ ಅಂಚು ಊದಿಕೊಂಡಿತ್ತು. ಪೂರ್ತಿ ದುಡ್ಡು ಕೊಟ್ಟ ಮೇಲೆ ಎಷ್ಟು ಸಲ ಕರೆದರೂ ಯಾರೂ ಬರಲಿಲ್ಲ ಅಂದರು ಮನೆಯವರು. ನಾಲ್ಕನೆಯವರು ಮಾಡಿದ ಮನೆಯಲ್ಲೂ ಒಂದು ಹಿಂಜ್ ಸಡಿಲವಾಗಿತ್ತಂತೆ. ಆದರೆ ಅದೇ ವಾರ ಬಂದು ಸರಿಮಾಡಿದ್ದರು. ನನಗೆ ಅಷ್ಟು ಸಾಕಿತ್ತು.

ಫೀಸಿನ ವಿಷಯ ಮಾತ್ರ ಬಿಡಿಸಿ ಕೇಳಿದೆ. ಒಟ್ಟು ಖರ್ಚಿನ ಶೇಕಡಾವಾರು ಲೆಕ್ಕವಾದರೆ ಖರ್ಚು ಏರಿದಂತೆ ಅವರ ಫೀಸೂ ಏರುತ್ತದೆ, ಅಲ್ವಾ? ನಾವು ನಿಗದಿತ ಮೊತ್ತಕ್ಕೆ ಒಪ್ಪಿದೆವು. ಅಂಗಡಿಯವರಿಂದ ಕಮಿಷನ್ ಸಿಗುತ್ತಾ ಅಂತ ನೇರವಾಗಿ ಕೇಳಿದೆ. ಅವರು ಮುಖ ಗಂಟಿಕ್ಕದೆ, "ಕೆಲವು ಕಡೆ ಸಿಗುತ್ತೆ, ಅದನ್ನ ನಿಮ್ಮ ಬಿಲ್ಲಿನಲ್ಲೇ ಕಳೆಯುತ್ತೇನೆ" ಅಂದರು. ಆ ಮಾತನ್ನೂ ಕರಾರಿನಲ್ಲಿ ಬರೆಸಿದೆ. ಹಂತ ಹಂತವಾಗಿ ಹಣ, ಸಣ್ಣಪುಟ್ಟ ದೋಷ ಸರಿಪಡಿಸಿದ ಮೇಲಷ್ಟೇ ಕೊನೆಯ ಕಂತು.

ಸಹಿಗೆ ಮುಂಚಿನ ದಿನ ಅವರು ಅಂಟುವ ಟೇಪ್ ತಂದು ಮಲಗುವ ಕೋಣೆಯ ನೆಲದ ಮೇಲೆ ಮಂಚದ ಅಳತೆ, 60 ಸೆಂ.ಮೀ. ಆಳದ ವಾರ್ಡ್‌ರೋಬ್ ಗುರುತು ಅಂಟಿಸಿದರು. ಅಮ್ಮನಿಗೆ ನಡುವೆ ನಡೆಯಲು ಹೇಳಿದರು. ವಾರ್ಡ್‌ರೋಬ್ ಬಾಗಿಲು ತೆರೆದರೆ ಅಮ್ಮ ಮಂಚದ ಕಡೆ ಸರಿಯಲೇಬೇಕಿತ್ತು. ಅಲ್ಲೇ ಕೂತು ನಕ್ಷೆಯಲ್ಲಿ ಅದನ್ನು ಹೊಡೆದುಹಾಕಿ, ಜಾರುವ ಬಾಗಿಲು ಅಂತ ಬರೆದರು.