ಜೇಡಿಮಣ್ಣು, ಅಳಿಲು ಮತ್ತು ನನ್ನ ಕ್ರೋಕಸ್ ಲಾನು

ಲಂಡನ್ನಿನ ಉತ್ತರ ತುದಿಯ ಎನ್‌ಫೀಲ್ಡಿನಲ್ಲಿ ನಮ್ಮ ಮನೆ. ಹಿತ್ತಲಿನದು ಅಪ್ಪಟ ಜೇಡಿಮಣ್ಣು. ಚಳಿಗಾಲದಲ್ಲಿ ಬೂಟು ಬಿಡಲ್ಲ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು. ಮೂಲೆಯಲ್ಲೊಂದು ಬರ್ಚ್ ಮರ, ಅದರ ತುಂಬ ಬೂದು ಅಳಿಲು. ಈ ಲಾನಿನಲ್ಲಿ ಕ್ರೋಕಸ್, ಅಂದರೆ ಚಳಿಗಾಲದ ಕೊನೆಗೆ ಅರಳುವ ಪುಟ್ಟ ಗೆಡ್ಡೆ ಹೂವು, ಹಾಕುತ್ತೇನೆ ಅಂದಾಗ ನಗದವರೇ ಇಲ್ಲ. ಪಕ್ಕದ ಮನೆಯ ಅಜ್ಜಿ ದಶಕಗಳಿಂದ ತೋಟ ಮಾಡಿದವರು. ಅವರೇ ಕ್ರೋಕಸ್ಸಿಗೆ ಕೈಮುಗಿದು, ಅಳಿಲು ಮುಟ್ಟದ ಡ್ಯಾಫೊಡಿಲ್ ಹಿಡಿದುಕೊಂಡಿದ್ದರು. ನಮ್ಮತ್ತೆ ಊರಿಂದ ಬಂದಿದ್ದಾಗ, "ಇಷ್ಟು ದುಡ್ಡು ಸುರಿದು ಗೆಡ್ಡೆ ಹೂಳೋದಾದ್ರೆ ಸುವರ್ಣಗೆಡ್ಡೆನಾದ್ರೂ ಹೂಳಿ ಅಳಿಯಂದ್ರೇ, ಪಲ್ಯಕ್ಕಾಗುತ್ತೆ" ಅಂದರು. ಈ ಫೆಬ್ರವರಿಯಲ್ಲಿ ಹಿತ್ತಲು ಪೂರ್ತಿ ನೇರಳೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಎಷ್ಟು ಆಳ, ಯಾವ ತಿಂಗಳು ಅನ್ನೋದೆಲ್ಲ ಪ್ಯಾಕೆಟ್ಟಿನ ಮೇಲೇ ಇರುತ್ತೆ, ಅದನ್ನು ಬಿಡೋಣ. ಮೊದಲು ದುಡ್ಡಿನ ಕಥೆ.

ಮೊದಲ ವರ್ಷ ತಂದಿದ್ದು ದೊಡ್ಡ ಹೂವಿನ ಡಚ್ ಜಾತಿ. ಗೆರೆ ಗೆರೆಯ ಪಿಕ್‌ವಿಕ್, ಕಡು ನೇರಳೆ ರಿಮೆಂಬ್ರೆನ್ಸ್, ಬಿಳಿಗೆ ಜಾನ್ ಡಾರ್ಕ್, ಜೊತೆಗೊಂದಿಷ್ಟು ಹಳದಿ. ಗ್ರಿಟ್ ಅನ್ನೋ ಸಣ್ಣ ಜಲ್ಲಿಯ ಮೂಟೆ, ಗೆಡ್ಡೆ ನೆಡುವ ಕೊಳವೆ ಎಲ್ಲ ಸೇರಿ ಎಂಬತ್ತು ಪೌಂಡಿನ ಹತ್ತಿರ ಹೋಯ್ತು. ಆ ಕೊಳವೆಯನ್ನು ಜೇಡಿಮಣ್ಣಿನವರು ಯಾರೂ ಕೊಳ್ಳಬೇಡಿ. ಒಂದೊಂದು ಗುಂಡಿಗೂ ಒಳಗೆ ಮಣ್ಣು ಕಚ್ಚಿಕೊಳ್ಳುತ್ತೆ, ಕಡ್ಡಿ ಹಾಕಿ ನೂಕಬೇಕು. ಸಂಜೆಗೆ ಮಣಿಕಟ್ಟು ಹೋಗಿರುತ್ತೆ. ಬೆಳಿಗ್ಗೆ ಎದ್ದು ನೋಡಿದರೆ ಅರ್ಧಕ್ಕರ್ಧ ಗುಂಡಿ ಖಾಲಿ. ಅಳತೆ ಹಿಡಿದು ತೋಡಿದ ಹಾಗೆ ಪುಟ್ಟ ಪುಟ್ಟ ಕುಳಿ, ಪ್ರತಿ ಕುಳಿಯ ಪಕ್ಕ ಕಂದು ನಾರಿನ ಸಿಪ್ಪೆ. ತಿಂದು ಸಿಪ್ಪೆ ಬಿಟ್ಟು ಹೋಗೋ ಸೊಕ್ಕು ನೋಡಿ! ಉಳಿದದ್ದರಲ್ಲಿ ಹಳದಿ ಹೂವನ್ನು ಮಾರ್ಚಿನಲ್ಲಿ ಗುಬ್ಬಿಗಳು ಕುಕ್ಕಿ ಚಿಂದಿ ಮಾಡಿದವು. ಲೆಕ್ಕ ಹಾಕಿದರೆ ಒಂದೊಂದು ಹೂವಿಗೆ ಐದಾರು ಪೌಂಡು ಬಿತ್ತು.

ಮುಂದಿನ ವರ್ಷ ಮೆಣಸಿನ ಪುಡಿ. ಎಲ್ಲರೂ ಹೇಳುವ ಉಪಾಯ. ಬ್ಯಾಡಗಿ ಹಾಕಿದೆ, ಬಣ್ಣ ಚೆನ್ನಾಗಿ ಬಂತು ಅಷ್ಟೆ. ಗುಂಟೂರು ತಂದು ಸುರಿದೆ. ಮಳೆ ಬರುವ ತನಕ ಕೆಲಸ ಮಾಡಿತು. ಆದರೆ ಇಲ್ಲಿ ಅಕ್ಟೋಬರಿನಲ್ಲಿ ಮಳೆ ಬರದ ವಾರ ಇದೆಯಾ? ಇಂಡಿಯನ್ ಅಂಗಡಿಗೆ ನನ್ನಿಂದ ಒಳ್ಳೆ ವ್ಯಾಪಾರ ಆಯ್ತು.

ಆಮೇಲೆ ಕೋಳಿಗೂಡಿಗೆ ಹಾಕುವ ತಂತಿಬಲೆ. ಇದು ನಿಜಕ್ಕೂ ತಡೆಯುತ್ತೆ. ಆದರೆ ಮಣ್ಣಿನೊಳಗೆ ಹೂಳಬೇಡಿ. ಕಾಲ ಕಳೆದಂತೆ ಒಂದು ಅಂಚು ಮೇಲೆದ್ದು ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೆ ಸಿಕ್ಕಿಕೊಳ್ಳುತ್ತೆ. ನಾನು ಈಗ ಬಲೆಯನ್ನು ಹುಲ್ಲಿನ ಮೇಲೆ ಹಾಸಿ, ಟೆಂಟಿನ ಗೂಟ ಹೊಡೆದು, ಜನವರಿಯಲ್ಲಿ ಮೊಳಕೆ ಮೂತಿ ತೋರಿಸುತ್ತಿದ್ದ ಹಾಗೆ ಎತ್ತಿಬಿಡುತ್ತೇನೆ. ಅಳಿಲು ಹುಡುಕೋದು ಹೊಸದಾಗಿ ಕೆದಕಿದ ಮಣ್ಣನ್ನು. ಮಣ್ಣು ಕೂತು ಹುಲ್ಲು ಕೂಡಿಕೊಂಡ ಮೇಲೆ ಅದರ ಆಸಕ್ತಿ ಮುಕ್ಕಾಲು ಪಾಲು ಹೋಗಿರುತ್ತೆ.

ಇಷ್ಟಾದರೂ ಗೆದ್ದಿದ್ದು ಬಲೆಯಿಂದಲ್ಲ, ಜಾತಿ ಬದಲಾಯಿಸಿದ್ದರಿಂದ. ಡಚ್ ದೊಡ್ಡವನ್ನೆಲ್ಲ ಬಿಟ್ಟು ಕ್ರೋಕಸ್ ಟೊಮಾಸಿನಿಯಾನಸ್‌ಗೆ ಬಂದೆ. ಟ್ರಿಯೆಸ್ಟ್ ಊರಿನ ಮೇಯರ್ ಆಗಿದ್ದ ಸಸ್ಯಶಾಸ್ತ್ರಜ್ಞ ಟೊಮಾಸಿನಿಯ ಹೆಸರು ಇದಕ್ಕೆ. ಗೆಡ್ಡೆ ಕಡಲೆಬೀಜಕ್ಕಿಂತ ಸ್ವಲ್ಪ ದಪ್ಪ, ಅಷ್ಟೇ. ನೋಡಿದರೆ ಬೇಜಾರಾಗುತ್ತೆ. ಆದರೆ ಅಳಿಲು ಇದನ್ನು ಅಷ್ಟಾಗಿ ಮುಟ್ಟಲ್ಲ. ಪೂರ್ತಿ ಬಿಡುತ್ತೆ ಅಂತ ಹೇಳುವವರನ್ನು ನಂಬಬೇಡಿ, ನಮ್ಮಲ್ಲಿ ಹತ್ತಕ್ಕೆ ಒಂದೆರಡು ಹೋಗುತ್ತೆ. ಬೆಲೆಯೂ ಕಡಿಮೆ. ಸಗಟಿನಲ್ಲಿ ಸಾವಿರ ಗೆಡ್ಡೆಗೆ ಎಪ್ಪತ್ತೋ ಎಂಬತ್ತೋ ಪೌಂಡು. ನವೆಂಬರಿನಲ್ಲಿ ಉಳಿದ ಮಾಲನ್ನು ಅರ್ಧ ಬೆಲೆಗೆ ಕೊಡುವವರೊಬ್ಬರಿದ್ದಾರೆ. ಯಾರು ಅಂತ ಮಾತ್ರ ಕೇಳಬೇಡಿ, ನನಗೇ ಸಾಲುತ್ತಿಲ್ಲ. ತಡವಾಗಿ ನೆಟ್ಟರೆ ಮೊದಲ ವರ್ಷ ಹೂವು ಸ್ವಲ್ಪ ಹಿಂದೆ ಬೀಳುತ್ತೆ, ಆಮೇಲೆ ಸರಿಹೋಗುತ್ತೆ.

ನೆಡೋದು ಹೀಗೆ. ಸಲಿಕೆಯಿಂದ ಹುಲ್ಲಿನ ಹಾಸಿನಲ್ಲಿ ನಡುವೆ ಒಂದು ಉದ್ದ ಸೀಳು, ಅದರ ಎರಡು ತುದಿಗೂ ಅಡ್ಡ ಸೀಳು. ಎರಡು ಕಡೆಗೂ ಹುಲ್ಲನ್ನು ಬಾಗಿಲಿನ ಹಾಗೆ ಮಡಚಿ ತೆಗೆಯಿರಿ. ಅಡಿಮಣ್ಣನ್ನು ಫೋರ್ಕಿನಿಂದ ಸಡಿಲಿಸಿ, ಎರಡು ಹಿಡಿ ಗ್ರಿಟ್ ಬೆರೆಸಿ, ಗೆಡ್ಡೆಗಳನ್ನು ಎರಚಿ. ಸಾಲು ಹಿಡಿದು ಇಟ್ಟರೆ ಮುನಿಸಿಪಾಲಿಟಿ ಪಾರ್ಕು ಕಾಣುತ್ತೆ. ಬಿದ್ದಲ್ಲೇ ತಲೆ ಮೇಲೆ ಮಾಡಿ ಕೂರಿಸಿ, ಹುಲ್ಲು ಮುಚ್ಚಿ, ಮೇಲೆ ನಿಂತು ತುಳಿಯಿರಿ. ಆಳ ಸ್ವಲ್ಪ ತಪ್ಪಿದರೂ ಚಿಂತೆಯಿಲ್ಲ. ಇದರ ಬೇರುಗಳೇ ಸುಕ್ಕುಗಟ್ಟಿ ಗೆಡ್ಡೆಯನ್ನು ಕೆಳಗೆ ಎಳೆದುಕೊಳ್ಳುತ್ತವೆ. ಉದುರಿದ ಸಿಪ್ಪೆಯನ್ನು ಒಂದೂ ಬಿಡದೆ ಆರಿಸಿ, ಅಳಿಲಿಗೆ ಅದೇ ಗುರುತು. ಕೊನೆಗೆ ಹುಲ್ಲಿನ ಮೇಲೆ ನಾನೊಂದು ನೀರು ಚಿಮುಕಿಸುತ್ತೇನೆ. ಅದರಲ್ಲಿ ಏನಿದೆ ಅನ್ನೋದು ಸದ್ಯಕ್ಕೆ ಮನೆಯ ಗುಟ್ಟು. ಮೆಣಸಿನ ಪುಡಿಯಂತೂ ಅಲ್ಲ.

ಬರ್ಚ್ ಮರದಡಿ ನೆರಳು, ಹೂ ಬಿಡಲ್ಲ ಅಂತಲೂ ಹೇಳಿದರು. ಫೆಬ್ರವರಿಯಲ್ಲಿ ಮರದಲ್ಲಿ ಎಲೆಯೇ ಇರಲ್ಲ, ನೆರಳು ಎಲ್ಲಿಂದ ಬರಬೇಕು? ನಮ್ಮಲ್ಲಿ ಅಲ್ಲೇ ಎಲ್ಲಕ್ಕಿಂತ ಜಾಸ್ತಿ. ಬರ್ಚಿನ ಬೇರು ನೀರು ಹೀರಿ ಬೇಸಿಗೆಯಲ್ಲಿ ನೆಲ ಒಣಗಿಸುತ್ತೆ, ಮಲಗಿದ ಗೆಡ್ಡೆಗೆ ಬೇಕಾದ್ದೂ ಅದೇ.

ಹೂವು ನೋಡೋದಕ್ಕೆ ಬಿಸಿಲಿಗೆ ಕಾಯಬೇಕು. ಮೋಡ ಇದ್ದ ದಿನ ಹೊರಮೈಯ ಬೂದು ಬಣ್ಣ ಮಾತ್ರ ಕಾಣುತ್ತೆ, ಹುಲ್ಲಿನಲ್ಲಿ ಏನೋ ಕಡ್ಡಿ ನಿಂತಿದೆ ಅಂದುಕೊಳ್ಳುತ್ತೀರಿ. ಬಿಸಿಲು ಬಿತ್ತೋ, ಹತ್ತು ಹದಿನೈದು ನಿಮಿಷದಲ್ಲಿ ಆರೂ ಎಸಳು ಹಿಂದಕ್ಕೆ ಬಾಗಿ, ಒಳಗಿನ ನೇರಳೆಯ ನಡುವೆ ಕಿತ್ತಳೆ ಬಣ್ಣದ ಕೇಸರ ಎದ್ದು ನಿಲ್ಲುತ್ತೆ. ಮುಚ್ಚಿದ ಹೂವೊಂದನ್ನು ಕಿತ್ತು ಅಡುಗೆಮನೆಯ ಹೀಟರ್ ಪಕ್ಕ ಲೋಟದಲ್ಲಿಟ್ಟು ನೋಡಿದೆ. ಬೆಳಕಿಲ್ಲದಿದ್ದರೂ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅರಳಿತು. ಫ್ರಿಜ್ಜಿಗೆ ಇಟ್ಟೆ, ಮುಚ್ಚಿಕೊಂಡಿತು. ಮುಖ್ಯವಾಗಿ ಶಾಖದ ಆಟ ಅದು. ಮಗಳು ಇದನ್ನೇ ಶಾಲೆಗೆ ಒಯ್ದು ಶಭಾಷ್ ಗಿಟ್ಟಿಸಿದಳು.

ಹೂವು ಹೋದ ಮೇಲಿನ ಎರಡು ಮೂರು ತಿಂಗಳೇ ಅಸಲಿ ಪರೀಕ್ಷೆ. ನಡುವೆ ಬಿಳಿ ಗೆರೆಯಿರುವ ತೆಳ್ಳನೆ ಎಲೆ ಇರುವ ತನಕ ಹುಲ್ಲು ಕತ್ತರಿಸಬಾರದು. ಹಳೇ ಗೆಡ್ಡೆ ಸವೆದು ಅದರ ತಲೆ ಮೇಲೆ ಹೊಸದು ಕೂರಬೇಕಲ್ಲ, ಆ ಊಟ ಎಲೆಯಿಂದಲೇ ಬರಬೇಕು. ಒಂದು ವರ್ಷ ನಾವು ಊರಿಗೆ ಹೋಗಿದ್ದಾಗ, ಲಾನು ನೋಡಿಕೊಳ್ಳಲು ಒಪ್ಪಿಕೊಂಡಿದ್ದ ಮನುಷ್ಯ ಏಪ್ರಿಲ್ ಮೊದಲಲ್ಲೇ ನುಣ್ಣಗೆ ಬೋಳಿಸಿಟ್ಟಿದ್ದ. ಮುಂದಿನ ಫೆಬ್ರವರಿ ಅರ್ಧದಷ್ಟೂ ಹೂವಿಲ್ಲ. ಕೂಲಿ ಮಾತ್ರ ಪೂರ್ತಿ ತಗೊಂಡ. ಈಗ ಜೂನ್ ಬರುವ ತನಕ ಯಂತ್ರಕ್ಕೆ ಬೀಗ. ಇದರ ಅಂಡಾಶಯ ಇರೋದು ನೆಲದೊಳಗೆ. ಬೀಜದ ಕಾಯಿ ಮೇ ಹೊತ್ತಿಗೆ ತಾನೇ ಮೇಲೆ ಬಂದು ನೆಲಮಟ್ಟದಲ್ಲಿ ಒಡೆಯುತ್ತೆ. ಆಮೇಲೆ ಕತ್ತರಿಸಿದರೆ ಯಂತ್ರವೇ ಬೀಜ ಹರಡಿಕೊಡುತ್ತೆ. ಸಸಿ ಹೂ ಬಿಡಲು ಮೂರು ವರ್ಷ ಬೇಕು. ನಾನು ಹಾಕಿದ್ದು ಎರಡು ಸಾವಿರದ ಒಳಗೆ, ಈಗ ಎಣಿಸುವ ಉಸಾಬರಿಯೇ ಬಿಟ್ಟಿದ್ದೇನೆ.

ನಮ್ಮೂರಲ್ಲೇ ಮಿಡಲ್ಟನ್ ಹೌಸ್ ಇದೆ, ಕ್ರೋಕಸ್ ರಾಜ ಅನ್ನಿಸಿಕೊಂಡ ಇ. ಎ. ಬೌಲ್ಸ್ (1865–1954) ಅವರ ತೋಟ. ಅವರಿಗಿದ್ದದ್ದು ನೀರು ಬಸಿಯುವ ಗರಸು ಮಣ್ಣು, ಪುಣ್ಯವಂತರು. ಅವರು ಬೆಳೆಸಿದ ಸ್ನೋ ಬಂಟಿಂಗ್ ಅನ್ನೋ ಬಿಳಿ ತಳಿಯನ್ನು ನಾನು ಕುಂಡದಲ್ಲಷ್ಟೇ ಇಟ್ಟಿದ್ದೇನೆ. ಸುವಾಸನೆ ಇದೆ, ಆದರೆ ಮೂಗು ಹತ್ತಿರ ಹಿಡಿಯಬೇಕು. ಜೇಡಿಮಣ್ಣಿನಲ್ಲಿ ಎರಡೇ ಚಳಿಗಾಲಕ್ಕೆ ಕೊಳೆಯಿತು.

ಬೆಂಗಳೂರಿನ ತಮ್ಮ ತನಗೂ ಬೇಕು ಅನ್ನುತ್ತಾನೆ. ಹನ್ನೆರಡು ಹದಿನಾಲ್ಕು ವಾರ ಫ್ರಿಜ್ಜಿನಲ್ಲಿಟ್ಟರೆ ಒಂದು ಸಲ ಹೂ ಬಿಟ್ಟೀತು, ಆಮೇಲೆ ಗೆಡ್ಡೆ ಬಿಸಾಡಬೇಕು. ಇಲ್ಲಿ ನಾನೂ ಫ್ರಿಜ್ಜಿನಲ್ಲಿ ಮಾಡಿ ನೋಡಿದೆ. ಸೇಬಿನ ಪಕ್ಕ ಇಟ್ಟಿದ್ದ ಬುಟ್ಟಿಯಲ್ಲಿ ಮೊಗ್ಗೆಲ್ಲ ಒಳಗೇ ಸುಟ್ಟುಹೋಗಿತ್ತು, ಹಣ್ಣು ಬಿಡುವ ಎಥಿಲೀನ್ ಕೆಲಸ ಅದು. ಇನ್ನು ಸೂಟ್‌ಕೇಸಿನಲ್ಲಿ ಗೆಡ್ಡೆ ಒಯ್ಯೋದಕ್ಕೆ ಸಸ್ಯ ತಪಾಸಣೆಯ ಕಾಗದ ಬೇಕು. ಹಾಗಾಗಿ ಅವನಿಗೆ ಫೋಟೋನೇ ಗತಿ.

ಮನೆಗೆ ಬರುವ ಕನ್ನಡದವರು ಕೇಳೋದು ಒಂದೇ ಪ್ರಶ್ನೆ, "ಇದ್ರಲ್ಲಿ ಕೇಸರಿ ಬರುತ್ತಾ ಸಾರ್?" ಬರಲ್ಲ. ಕಾಶ್ಮೀರದ ಪಾಂಪೋರಿನ ಕೇಸರಿ ಬೇರೆ ಜಾತಿ, ಕ್ರೋಕಸ್ ಸಟೈವಸ್, ಅದು ಶರತ್ಕಾಲದಲ್ಲಿ ಹೂ ಬಿಡೋದು. ಆ ಆಸೆಯಲ್ಲಿ ಶರತ್ಕಾಲದ ಯಾವ ನೇರಳೆ ಹೂವಿಗೂ ಕೈ ಹಾಕಬೇಡಿ. ನೋಡಲು ಹಾಗೇ ಇರುವ ಕಾಲ್ಚಿಕಮ್ ವಿಷ. ಕ್ರೋಕಸ್ಸಿಗೆ ಪುಂಕೇಸರ (ಪರಾಗದ ಕಡ್ಡಿ) ಮೂರು, ಅದಕ್ಕೆ ಆರು.

ಈ ಸಲ ಕಣ್ಣು ಬಿದ್ದಿರೋದು ಸೀಬೆರಿ ಟ್ರೈಕಲರ್ ಅನ್ನೋ ಕ್ರೋಕಸ್ ಮೇಲೆ. ನೇರಳೆ, ಬಿಳಿ, ಹಳದಿ, ಮೂರು ಪಟ್ಟಿ. ಹತ್ತಕ್ಕೆ ನಾಲ್ಕೈದು ಪೌಂಡು ಹೇಳುತ್ತಿದ್ದಾರೆ. ಅರ್ಧಕ್ಕರ್ಧ ಗ್ರಿಟ್ ಹಾಕಿದ ಕುಂಡದಲ್ಲಿ, ಮೇಲೆ ಬಲೆ ಕಟ್ಟಿ ಶುರು ಮಾಡುತ್ತೇನೆ. ಅಲ್ಲಿ ಬದುಕಿದರೆ ಮಾತ್ರ ಬರ್ಚಿನ ಬುಡಕ್ಕೆ.