ಪಾಸರ್‌ಬೈ ಅಂದ್ರೆ ಯಾರು? ಸುದ್ದಿ ಡೆಸ್ಕಿನಿಂದ ನನ್ನ ಅನುಭವ

ಇಂಗ್ಲಿಷ್ ಏಜೆನ್ಸಿ ಸುದ್ದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಅಪಘಾತದ ಸುದ್ದಿ ಬಂತು ಅಂದ್ರೆ ‘ಪಾಸರ್‌ಬೈ’ ಬಂದೇ ಬರುತ್ತೆ. ಗಾಯಾಳುವನ್ನು ಎತ್ತಿ ಆಸ್ಪತ್ರೆಗೆ ಸೇರಿಸುವವರು ಅವರು, ಶವ ನೋಡಿ ಪೊಲೀಸರಿಗೆ ಫೋನ್ ಮಾಡುವವರೂ ಅವರೇ.

ಅರ್ಥ ಸುಲಭ: ಆ ಹೊತ್ತಿಗೆ ಆ ಜಾಗ ದಾಟಿ ಹೋಗುತ್ತಿದ್ದವರು. ಒಬ್ಬರಿಗಿಂತ ಜಾಸ್ತಿ ಇದ್ದರೆ ಪಾಸರ್ಸ್‌ಬೈ. ‘ಸ್’ ನಡುವೆ ಬರುತ್ತೆ, ಕೊನೆಗಲ್ಲ. ಬ್ರಿಟಿಷರು ಸಾಮಾನ್ಯವಾಗಿ ನಡುವೆ ಅಡ್ಡಗೆರೆ ಹಾಕುತ್ತಾರೆ, ಅಮೆರಿಕದವರು ಕೂಡಿಸಿ ಬರೆಯುತ್ತಾರೆ.

ತಲೆನೋವು ಇರುವುದು ಕನ್ನಡದಲ್ಲಿ. ಹೊಸಬರು ಥಟ್ಟನೆ ‘ಪಾದಚಾರಿ’ ಅಂತ ಟೈಪ್ ಮಾಡುತ್ತಾರೆ. ಪಾದಚಾರಿ ನಡೆದೇ ಹೋಗಬೇಕು, ಪಾಸರ್‌ಬೈ ಬೈಕಿನಲ್ಲೂ ಇರಬಹುದು, ಬಸ್ಸಿನಲ್ಲೂ ಇರಬಹುದು. ಇನ್ನು ‘ಸ್ಥಳೀಯರು’. ನಮ್ಮ ಪತ್ರಿಕೆಗಳಲ್ಲಿ ಇದು ಎಲ್ಲಕ್ಕೂ ಒಗ್ಗುವ ಪದ. ಆದರೆ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಓಡಿ ಬಂದವರು ಆ ಊರಿನವರೇ ಆಗಿರಬೇಕಿಲ್ವಲ್ಲ? ಇಂಗ್ಲಿಷ್ ಸುದ್ದಿಯಲ್ಲಿ ‘ಲೋಕಲ್ಸ್’ ಅಂತಿದ್ದರೆ ಮಾತ್ರ ನಾನು ಸ್ಥಳೀಯರು ಅಂತ ಬರೆಯುತ್ತೇನೆ. ಬೈಸ್ಟ್ಯಾಂಡರ್ ಅಂದರೆ ಅಲ್ಲೇ ಇದ್ದವರು, ಆನ್‌ಲುಕರ್ ಅಂದರೆ ನಿಂತು ನೋಡುತ್ತಿದ್ದವರು. ಮೊಬೈಲ್ ಹಿಡಿದು ವಿಡಿಯೊ ಮಾಡುವವರನ್ನು ‘ದಾರಿಹೋಕರು’ ಅಂದರೆ ಆ ಪದಕ್ಕೇ ಅವಮಾನ.

ಹಾಗಾದರೆ ದಾರಿಹೋಕರು ಸರಿನಾ? ಬಹುವಚನದಲ್ಲಿ ಚೆನ್ನಾಗಿ ಕೂರುತ್ತೆ: ‘ದಾರಿಹೋಕರು ಆಸ್ಪತ್ರೆಗೆ ಸೇರಿಸಿದರು.’ ಏಕವಚನದಲ್ಲಿ ಮಾತ್ರ ಎಡವಟ್ಟು. ‘ಮರ ಬಿದ್ದು ದಾರಿಹೋಕ ಸಾವು’ ಅನ್ನೋ ಶೀರ್ಷಿಕೆ ಓದಿ ನೋಡಿ. ಯಾರೋ ದಾರೀಲಿ ಹೋಗೋ ದಾಸಯ್ಯ ಸತ್ತ ಅನ್ನೋ ಧಾಟಿ ಬಂದುಬಿಡುತ್ತೆ. ಅಂಥ ಕಡೆ ವರದಿಗಾರರಿಗೆ ಫೋನ್ ಹಾಕಿ ಕೇಳುತ್ತೇನೆ: ನಡೆದು ಹೋಗ್ತಿದ್ರಾ, ಗಾಡೀಲಿದ್ರಾ? ಉತ್ತರ ಸಿಕ್ಕರೆ ‘ಪಾದಚಾರಿ’ ಅಥವಾ ‘ಬೈಕ್ ಸವಾರ’. ಸಿಗದಿದ್ದರೆ ‘ದಾರಿಯಲ್ಲಿ ಹೋಗುತ್ತಿದ್ದ ವ್ಯಕ್ತಿ’. ಶೀರ್ಷಿಕೆ ಉದ್ದವಾಗುತ್ತೆ ಅಂತ ಪುಟ ಕಟ್ಟುವವರು ಗೊಣಗುತ್ತಾರೆ, ಗೊಣಗಲಿ.

ಎಷ್ಟೋ ಸಲ ನಾಮಪದವೇ ಬೇಡ. ‘ಎ ಪಾಸರ್‌ಬೈ ಅಲರ್ಟೆಡ್ ದ ಪೊಲೀಸ್’ ಅನ್ನುವುದಕ್ಕೆ ‘ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಪೊಲೀಸರಿಗೆ ತಿಳಿಸಿದರು’ ಅಂದರೆ ಸಾಕು. ಗಂಡೋ ಹೆಣ್ಣೋ ಅನ್ನುವ ಗೋಜೂ ಇಲ್ಲ.

‘ಸಹಾಯ ಮಾಡಿದವರ ಹೆಸರು ಯಾಕೆ ಹಾಕಲ್ಲ?’ ಅಂತ ಓದುಗರು ಕೇಳುವುದುಂಟು. ಹಲವರಿಗೆ ಹೆಸರು ಹೇಳಲು ಇಷ್ಟವಿರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ಇಂಥವರಿಗೆ ರಕ್ಷಣೆ ಕೊಡುತ್ತೆ. ಹೆಸರು, ವಿಳಾಸ ಹೇಳಲೇಬೇಕು ಅಂತ ಪೊಲೀಸರೂ ಒತ್ತಾಯಿಸುವಂತಿಲ್ಲ. ಹಾಗಿರುವಾಗ ನಾವು ಅವರ ಹೆಸರು ಹುಡುಕಿಕೊಂಡು ಹೋಗುವುದಿಲ್ಲ.