ವಿಮಾನದ ದೂರ, ಹಾರಾಟದ ಹೊತ್ತು: ನೀವೇ ಲೆಕ್ಕ ಹಾಕುವುದು ಹೇಗೆ?

ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು, ತುಮಕೂರಿನ ಮೇಲೆ ಬೆಂಗಳೂರಿಗೆ ಹೋಗುವವರಿಗೆ 300 ಕಿ.ಮೀ.ಗೂ ಹೆಚ್ಚಿನ ದಾರಿ. ವಿಮಾನಕ್ಕೆ ಈ ತಿರುವುಗಳ ಹಂಗಿಲ್ಲವಾದ್ದರಿಂದ ಅದರ ದೂರವನ್ನು ಬೇರೆಯಾಗಿಯೇ ಅಳೆಯಬೇಕಾಗುತ್ತದೆ. ಪ್ರೌಢಶಾಲೆಯ ಗಣಿತ ಅದಕ್ಕೆ ಸಾಕು.

ಮೊದಲು ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳಿ. ಮೊಬೈಲಿನ ನಕ್ಷೆಯಲ್ಲಿ ಆ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಅಂಕಿಗಳು ಸಿಗುತ್ತವೆ. ಊರಿನ ಬದಲು ನಿಲ್ದಾಣವನ್ನೇ ಹುಡುಕಬೇಕು. ಏಕೆಂದರೆ ನಮ್ಮ ವಿದ್ಯಾನಗರ ವಿಮಾನ ನಿಲ್ದಾಣವು ಬಳ್ಳಾರಿ ನಗರದಿಂದ ಸುಮಾರು 30 ಕಿ.ಮೀ. ಪಶ್ಚಿಮಕ್ಕೆ, ತೋರಣಗಲ್ಲಿನ ಬಳಿ ಇದೆ. ಅದರ ಅಕ್ಷಾಂಶ 15.17, ರೇಖಾಂಶ 76.63 ಡಿಗ್ರಿ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ್ದು 13.20 ಮತ್ತು 77.71 ಡಿಗ್ರಿ.

ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ರೇಖಾಂಶದ ಗೆರೆಗಳು ಧ್ರುವಗಳ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ನಮ್ಮ ಸೀಮೆಯಲ್ಲಿ ಅವುಗಳ ಒಂದು ಡಿಗ್ರಿಗೆ 108 ಕಿ.ಮೀ. ಹಿಡಿಯಬೇಕು. ಅಕ್ಷಾಂಶಗಳ ವ್ಯತ್ಯಾಸ 1.97 ಡಿಗ್ರಿ, ಅಂದರೆ 219 ಕಿ.ಮೀ.; ರೇಖಾಂಶಗಳ ವ್ಯತ್ಯಾಸ 1.08 ಡಿಗ್ರಿ, ಅಂದರೆ 117 ಕಿ.ಮೀ. ಇವೆರಡನ್ನು ಲಂಬಕೋನ ತ್ರಿಭುಜದ ಬಾಹುಗಳೆಂದುಕೊಂಡು, ಅವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 248 ಕಿ.ಮೀ. ಬರುತ್ತದೆ. ಇದೇ ನೇರ ದೂರ.

ಸಾವಿರಾರು ಕಿ.ಮೀ. ದೂರದ ಊರುಗಳಿಗೆ ಈ ತ್ರಿಭುಜ ಸಾಲದು, ಭೂಮಿಯ ಉಬ್ಬು ಲೆಕ್ಕವನ್ನು ಕೆಡಿಸುತ್ತದೆ. ಆಗ ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದು ಅಳೆಯಬೇಕು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನವು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾದು ಬಂದದ್ದು ಈ ಕಾರಣಕ್ಕೇ. ಗೋಡೆಯ ನಕ್ಷೆಯಲ್ಲಿ ಸುತ್ತುದಾರಿಯಂತೆ ಕಾಣುವ ಆ ಹಾದಿಯೇ ಅತಿ ಹತ್ತಿರದ್ದು. ಮನೆಯಲ್ಲಿ ಮಕ್ಕಳಿದ್ದರೆ ದಾರವನ್ನು ಅವರ ಕೈಗೇ ಕೊಡಿ.

ಇನ್ನು ಹೊತ್ತಿನ ಲೆಕ್ಕ. ಚಿಕ್ಕ ಊರುಗಳಿಗೆ ಬರುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ., ದೊಡ್ಡ ಜೆಟ್ ವಿಮಾನಗಳದ್ದು ಸುಮಾರು 830. ದೂರವನ್ನು ವೇಗದಿಂದ ಭಾಗಿಸಿ, ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಇವುಗಳಿಗೆಂದು ಅರ್ಧ ಗಂಟೆ ಕೂಡಿಸಬೇಕು. ತೋರಣಗಲ್ಲಿನಿಂದ ಬೆಂಗಳೂರಿಗೆ ಹಾರಾಟ ಅರ್ಧ ಗಂಟೆ, ಉಳಿದದ್ದು ಅರ್ಧ ಗಂಟೆ, ಒಟ್ಟು ಒಂದು ಗಂಟೆ. ದೂರ ಕಡಿಮೆಯಾದಷ್ಟೂ ಈ ಎರಡನೆಯ ಅರ್ಧ ಗಂಟೆಯೇ ಭಾರವಾಗುತ್ತದೆ.

ಹೈದರಾಬಾದಿನಿಂದ ದುಬೈಗೆ ದುಡಿಯಲು ಹೋಗುವವರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಆ ನೇರ ದೂರ ಸುಮಾರು 2,550 ಕಿ.ಮೀ.; ಮೇಲಿನ ಲೆಕ್ಕದಂತೆ ಮೂರೂವರೆ ಗಂಟೆ ಸಾಕು. ಆದರೆ ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಬಿರುಸಾದ ಗಾಳಿಗೆ ಎದುರಾಗಿ ಹಾರುವಾಗ ಅದು ನಾಲ್ಕು ಗಂಟೆಯ ಹತ್ತಿರ ಹೋಗುತ್ತದೆ. ಜೊತೆಗೆ ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಬೆಳಿಗ್ಗೆ 10ಕ್ಕೆ ಹೊರಟು 12.30ಕ್ಕೆ ತಲುಪುವುದೆಂದು ಟಿಕೆಟ್‌ನಲ್ಲಿದ್ದರೆ ಪ್ರಯಾಣ ಎರಡೂವರೆ ಗಂಟೆಯದಲ್ಲ, ನಾಲ್ಕು ಗಂಟೆಯದು.

ಕೊನೆಗೆ, ಮನೆಯಿಂದ ಹೊರಡುವ ಹೊತ್ತನ್ನು ಹಿಂದಕ್ಕೆ ಎಣಿಸಿ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ರಾಯಚೂರಿನಿಂದ ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದಿಗೆ ರಸ್ತೆಯಲ್ಲಿ ನಾಲ್ಕು ಗಂಟೆ ಹಿಡಿಯಿರಿ. ಅಂದರೆ 10ರ ವಿಮಾನಕ್ಕೆ ನಸುಕಿನ 3 ಗಂಟೆಗೆ ಗಾಡಿ ಬಾಗಿಲಲ್ಲಿರಬೇಕು.